ಹಳೆಯ ಜೀಪಿಗೆ ಹೊಸ ಇಂಜಿನ್ ಬೇಕೇ?

ಕಾರಮಡೆ, ಮೆಟ್ಟುಪಾಳ್ಯ, ಉಡುಮಲಪೇಟೆ ಕಡೆಯ ನಮ್ಮ ಕನ್ನಡ ರೈತ ಬಂಧುಗಳಲ್ಲಿ ಕೆಲವರ ಮನೆಯಂಗಳದಲ್ಲಿ ಹಳೆಯ ಮಹೀಂದ್ರ ಜೀಪು ಇನ್ನೂ ದುಡಿಯುತ್ತಿದೆ. ಗೊಬ್ಬರದ ಮೂಟೆ, ಬಾಳೆಗೊನೆ, ಕೆಟ್ಟ ಪಂಪುಸೆಟ್ಟು ಎಲ್ಲಕ್ಕೂ ಅದೇ ಗತಿ. ಈಚೆಗೆ ಹುಡುಗರಲ್ಲಿ ಒಂದು ಗೀಳು ಹಬ್ಬಿದೆ. ಏರಿನಲ್ಲಿ ಜೀಪು ಏದುಸಿರು ಬಿಟ್ಟರೆ ಸಾಕು, ಹಳೆಯ ಇಂಜಿನ್ನನ್ನು ಕಿತ್ತು ಟರ್ಬೊ ಇಂಜಿನ್ ಕೂರಿಸೋಣ ಎನ್ನುತ್ತಾರೆ. ಇದು ದುಡುಕು ಎಂಬುದು ನಮ್ಮ ಅಭಿಪ್ರಾಯ.

ಪೂಜೋ ಡೀಸೆಲ್ ಇಂಜಿನ್ನಿನ ಜೀಪು ವೇಗಕ್ಕಾಗಿ ಹುಟ್ಟಿದ್ದಲ್ಲ. ಸುಮಾರು 2100 ಘನ ಸೆಂಟಿಮೀಟರಿನ ಆ ಇಂಜಿನ್ನಿಗೆ ಟರ್ಬೊ ಇಲ್ಲ, ತಾನೇ ಎಳೆದುಕೊಂಡ ಗಾಳಿಯಲ್ಲೇ ಅದು ದುಡಿಯಬೇಕು. ಪ್ರತಿ 1000 ಮೀಟರ್ ಎತ್ತರಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಬಲ ಕುಗ್ಗುವುದು ಸಹಜ. ಆದ್ದರಿಂದ ವಾಲ್ಪಾರೈ ಮೇಲೆ ಮಂಕಾದ ಗಾಡಿಯನ್ನು ರೋಗಿಯೆಂದು ತಿಳಿಯಬೇಕಾಗಿಲ್ಲ. ಬಯಲಿನಲ್ಲೇ ಮಂಕಾದರೆ ಮಾತ್ರ ಕಾರಣ ಹುಡುಕಬೇಕು.

ಆ ಕಾರಣ ಹೆಚ್ಚಾಗಿ ಅಗ್ಗದ್ದೇ ಆಗಿರುತ್ತದೆ. ಎಣ್ಣೆ ತುಂಬುವ ಹಳೆಯ ಏರ್ ಫಿಲ್ಟರಿನ ತಳದಲ್ಲಿ ಕೆಸರು ಕೂತಿದ್ದರೆ ಗಾಳಿ ಎಲ್ಲಿಂದ ಬರಬೇಕು? ನಾಜಲ್ ಸರಿಯಾಗಿ ಸಿಂಪಡಿಸದಿದ್ದರೆ ಡೀಸೆಲ್ ಕರಿಹೊಗೆಯಾಗಿ ಹೋಗುತ್ತದೆ. ಜಾಕಿ ಕೊಟ್ಟು, ಗೇರು ನ್ಯೂಟ್ರಲಿನಲ್ಲಿಟ್ಟು, ಒಂದೊಂದೇ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಬ್ರೇಕ್ ಶೂ ಉಜ್ಜುತ್ತಿರಬಹುದು. ಅಂಥ ಗಾಡಿಗೆ ಎಂಥ ಇಂಜಿನ್ ಹಾಕಿದರೂ ಅರ್ಧ ಬಲ ಬ್ರೇಕಿನಲ್ಲೇ ಸುಟ್ಟುಹೋಗುವುದು. ಕಂಪ್ರೆಶನ್ ಅಳೆಸಿದ ಮೇಲಷ್ಟೇ ಇಂಜಿನ್ ಸವೆದಿದೆಯೆಂದು ಹೇಳಬೇಕು. ಪಂಪು ಮೋಟಾರುಗಳ ಊರಾದ ಕೊಯಮತ್ತೂರಿನಲ್ಲಿ ಈ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ.

ದೊಡ್ಡ ಟಯರಿನ ಮೋಹ ಮತ್ತೊಂದು. ಟಯರಿನ ಎತ್ತರ ಹತ್ತರಲ್ಲೊಂದು ಪಾಲು ಹೆಚ್ಚಿದರೆ ನೆಲಕ್ಕೆ ತಲಪುವ ಎಳೆತ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ನೋಡಲು ಗತ್ತು, ಏರಿನಲ್ಲಿ ಪೇಚು! ಹಾಗೆಯೇ ನಾಲ್ಕು ಚಕ್ರದ ಲಿವರನ್ನು ಟಾರು ರಸ್ತೆಯಲ್ಲಿ ಹಾಕಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಓಡುವ ದೂರ ಬೇರೆ ಬೇರೆ. ಈ ವ್ಯತ್ಯಾಸ ತೀರಿಸುವ ಡಿಫರೆನ್ಷಿಯಲ್ ನಡುವೆ ಇಲ್ಲವಾದ್ದರಿಂದ ಹಲ್ಲುಗಳೇ ಪೆಟ್ಟು ತಿನ್ನುತ್ತವೆ. ಕೆಸರು, ಮರಳು, ಜಾರುವ ಕಾಡುದಾರಿಗೆ ಅದನ್ನು ಕಾದಿಡಿ.

ಇನ್ನು ಬ್ರೇಕಿನ ಮಾತು. ಆಳಿಯಾರಿನಿಂದ ವಾಲ್ಪಾರೈಗೆ 40 ಕಡಿದಾದ ತಿರುವುಗಳು. ಹತ್ತುವಾಗ ಬಲ ಸಾಲದಿದ್ದರೆ ತಡವಾದೀತು, ಇಳಿಯುವಾಗ ಬ್ರೇಕ್ ಸಾಲದಿದ್ದರೆ ಮನೆಗೆ ಬರುವ ಭರವಸೆಯೇ ಇಲ್ಲ. ಹಳೆಯ ಜೀಪಿನ ಡ್ರಂ ಬ್ರೇಕು, ಗೇರುಪೆಟ್ಟಿಗೆ, ಕ್ರೌನ್ ಪಿನಿಯನ್ ಎಲ್ಲವನ್ನೂ ಹಳೆಯ ಇಂಜಿನ್ನಿನ ಬಲಕ್ಕೆ ಲೆಕ್ಕ ಹಾಕಿ ಮಾಡಿದ್ದು. ಇಂಜಿನ್ ಒಂದನ್ನೇ ಹಿಗ್ಗಿಸಿದರೆ ಉಳಿದವು ಏನು ಮಾಡಬೇಕು?

ಕಾನೂನೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ವಿವರಕ್ಕೆ ನೋಂದಣಿ ಪತ್ರ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ಬಗೆಯ, ಅದೇ ಇಂಧನದ ಇಂಜಿನ್ ಬದಲಿಸುವುದಿದ್ದರೂ ಮುಂಚೆ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಬೇಕು. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಈ ಕಾಗದಗಳನ್ನೇ.

ಆದುದರಿಂದ ಈ ಸುಗ್ಗಿಯ ಹಣದಲ್ಲಿ ಮೊದಲು ಬ್ರೇಕು, ಬಳಿಕ ರೇಡಿಯೇಟರು, ಆಮೇಲೆ ಡೀಸೆಲ್ ಪಂಪು, ನಾಜಲ್ ಸರಿಪಡಿಸಿಕೊಳ್ಳಿ. ಆಗಲೂ ಜೀಪು ಬಯಲಿನಲ್ಲಿ ಹೊರೆ ಎಳೆಯದಿದ್ದರೆ ಇಂಜಿನ್ ಬಿಚ್ಚಿಸಿ ರಿಂಗ್, ವಾಲ್ವು ನೋಡಿಸಬಹುದು.