ಚಿನ್ನ ಅವರದು, ಧೂಳು ಯಾರದು?

ಗೆಳೆಯರೇ, ಬೆಂಗಳೂರಿನಿಂದ ಬೈಕ್ ಹತ್ತಿ ಊಟಿಗೆ ಹೊರಟವರು ನೀವು. ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದಿರಿ. ರಾತ್ರಿ ಒಂಬತ್ತಕ್ಕೆ ಗೇಟು ಬೀಳುವ ಮುಂಚೆ ಬಂಡೀಪುರ ದಾಟಬೇಕೆಂಬ ಗಡಿಬಿಡಿ. ಜಿಂಕೆ ಕಂಡಿತು, ಆನೆಯ ಬೆನ್ನು ಕಂಡಿತು, ಫೋಟೋ ಆಯಿತು. ಮುದುಮಲೆ ಮುಗಿದು ಗೂಡಲೂರು ಬಂತು. ಅಲ್ಲಿ ಎಡಕ್ಕೆ ತಿರುಗಿದರೆ ಊಟಿ. ಎಲ್ಲರೂ ಎಡಕ್ಕೇ ತಿರುಗುತ್ತಾರೆ.

ಒಂದು ಸಲ ಬಲಕ್ಕೆ ತಿರುಗಿ ನೋಡಿ. ದೇವಾಲ, ಪಂದಲೂರು ಎಂಬ ಊರುಗಳು ಸಿಗುತ್ತವೆ. ಈಗ ನೋಡಿದತ್ತೆಲ್ಲ ಟೀ ತೋಟ. ಆದರೆ 1880ರಲ್ಲಿ ಲಂಡನ್ ನಗರದ ಷೇರುಪೇಟೆಯಲ್ಲಿ ಈ ಊರುಗಳ ಹೆಸರು ಹೇಳಿದರೆ ಸಾಕು, ಜನ ದುಡ್ಡಿನ ಚೀಲ ಬಿಚ್ಚುತ್ತಿದ್ದರು. ನಂಬುತ್ತೀರಾ?

ಈ ಕಾಡಿನ ಪಣಿಯರು, ಕುರುಂಬರು ಹೊಳೆಯ ಮರಳನ್ನು ಮರಿಗೆಯಲ್ಲಿ ತೊಳೆದು ಚೂರುಪಾರು ಚಿನ್ನ ತೆಗೆಯುತ್ತಿದ್ದದ್ದು ಬಹಳ ಹಿಂದಿನಿಂದ ನಡೆದು ಬಂದದ್ದು. ಅದು ಬಿಳಿಯರ ಕಿವಿಗೆ ಬಿತ್ತು. ಆಸ್ಟ್ರೇಲಿಯದ ಚಿನ್ನದ ಗಣಿಗಳ ಅನುಭವ ಇದ್ದ ಬ್ರೋ ಸ್ಮಿತ್ ಎಂಬಾತನನ್ನು ಸರ್ಕಾರ 1879ರಲ್ಲಿ ಕರೆಸಿತು. ಆತನ ವರದಿ ಹೊರಬಿದ್ದದ್ದೇ ತಡ, ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು. ಕಾಗದದ ಮೇಲಿನ ಬಂಡವಾಳವೇ ನಲವತ್ತು ಲಕ್ಷ ಪೌಂಡು! ಭಾರಿ ಯಂತ್ರಗಳನ್ನು ಘಾಟಿ ಹತ್ತಿಸಿ ಎಳೆದು ತಂದರು. ಪಂದಲೂರು ರಾತ್ರೋರಾತ್ರಿ ಪೇಟೆಯಾಯಿತು.

ಇಲ್ಲಿರುವ ಚೇಷ್ಟೆಯನ್ನು ಗಮನಿಸಿ. ಆ ಹೊತ್ತಿಗೆ ವಯನಾಡಿನ ಕಾಫಿ ತೋಟಗಳಿಗೆ ಕಾಂಡಕೊರಕ ಹುಳು, ಎಲೆರೋಗ ಎರಡೂ ಬಡಿದಿದ್ದವು. ದಿವಾಳಿ ಅಂಚಿನಲ್ಲಿದ್ದ ಬಿಳಿ ದೊರೆಗಳು ಸೊರಗಿದ ಕಾಫಿ ತೋಟವನ್ನೇ ಚಿನ್ನದ ನೆಲವೆಂದು ಕಂಪನಿಗಳಿಗೆ ಸಿಕ್ಕಾಪಟ್ಟೆ ಬೆಲೆಗೆ ಮಾರಿ ಕೈತೊಳೆದುಕೊಂಡರು. ಕೊಟ್ಟವನೂ ಬಿಳಿಯ, ಕೊಂಡವನೂ ಬಿಳಿಯ, ನಮಗೇನು ಎನ್ನಬೇಡಿ. ಐದಾರು ವರ್ಷದಲ್ಲಿ ಕಂಪನಿಗಳೆಲ್ಲ ಮುಳುಗಿದವು. ದೊರೆಗಳು ಹಡಗು ಹತ್ತಿದರು. ಯಂತ್ರಗಳು ಕಾಡಿನಲ್ಲೇ ತುಕ್ಕು ಹಿಡಿದವು. ಮರ ಕಡಿದು, ಗುಡ್ಡ ಬಗೆದು, ಹೊಳೆ ಕೆಡಿಸಿದ ಜಾಗದಲ್ಲಿ ಉಳಿದವನು ಮಾತ್ರ ಪಣಿಯ. ಮೊದಲೇ ಜೀತದಲ್ಲಿದ್ದವನು, ಆಮೇಲೂ ಜೀತದಲ್ಲೇ ಇದ್ದ.

ವಯನಾಡಿನಲ್ಲಿ ಕೈ ಸುಟ್ಟುಕೊಂಡ ಆ ವರ್ಷಗಳಲ್ಲೇ ಲಂಡನ್ನಿನ ದುಡ್ಡು ಇನ್ನೊಂದು ಕಡೆಗೂ ಹರಿದಿತ್ತು. ಅದು ನಮ್ಮ ಕೋಲಾರ.

ಬೆಂಗಳೂರಿನವರು ನೀವು, ಲ್ಯಾವೆಲ್ ರಸ್ತೆ ಗೊತ್ತಲ್ಲ? ಪಬ್ಬಿಗೆ ಹೋಗುವ ರಸ್ತೆ. ಅದು ಮೈಕೆಲ್ ಲ್ಯಾವೆಲ್ ಎಂಬ ಐರಿಷ್ ಸಿಪಾಯಿಯ ಹೆಸರು. ನ್ಯೂಜಿಲೆಂಡಿನಲ್ಲಿ ಮಾವೋರಿಗಳ ಮೇಲೆ ಯುದ್ಧ ಮಾಡಿ, ಅಲ್ಲಿನ ಚಿನ್ನದ ಹುಚ್ಚು ಹತ್ತಿಸಿಕೊಂಡು ಬಂದವನು. 1870ರ ದಶಕದಲ್ಲಿ ಮೈಸೂರು ಸೀಮೆಯ ಆಡಳಿತದಿಂದ ಕೋಲಾರದಲ್ಲಿ ಗಣಿ ತೋಡುವ ಪರವಾನಗಿ ಪಡೆದ. ತಾನು ಹೆಚ್ಚೇನೂ ತೋಡಲಿಲ್ಲ. ಹಕ್ಕನ್ನು ಮಾರಿಕೊಂಡು ಸುಖವಾಗಿದ್ದ. ಅಲ್ಲಿ ಚಿನ್ನ ಇದೆ ಎಂದು ಅವನಿಗೆ ಹೇಳಿದ್ದು ಹಳೆಯ ಬರಹ. 1802ರಲ್ಲೇ ಜಾನ್ ವಾರೆನ್ ಎಂಬ ಸೇನಾಧಿಕಾರಿ ಉರಿಗಾಂ, ಮಾರಿಕುಪ್ಪಂ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದ. ಕಂಡುಹಿಡಿದವರು ಹಳ್ಳಿಯವರು, ರಸ್ತೆಗೆ ಹೆಸರು ಲ್ಯಾವೆಲ್‌ನದು. ಮಾರಿಕುಪ್ಪಂನವರ ಹೆಸರಿನ ಒಂದು ಓಣಿಯಾದರೂ ಬೆಂಗಳೂರಿನಲ್ಲಿ ಇದೆಯೇ, ಹುಡುಕಿ ಹೇಳಿ.

1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯೂ ಮೊದಲು ಸೋತಿತ್ತು. ದುಡ್ಡು ತಳ ಕಂಡಿತ್ತು. 1883ರಲ್ಲಿ ಬಂದ ಪ್ಲಮ್ಮರ್ ಎಂಬ ಮೇಲಧಿಕಾರಿ ಒಂದು ಬುದ್ಧಿವಂತಿಕೆ ಮಾಡಿದ. ನಮ್ಮ ಪೂರ್ವಿಕರು ತೋಡಿ ಬಿಟ್ಟಿದ್ದ ಹಳೆಯ ಗುಂಡಿಗಳ ಜಾಡು ಹಿಡಿದು ಇಳಿದ. ಚಾಂಪಿಯನ್ ರೀಫ್ ಎಂಬ ಚಿನ್ನದ ಪದರ ಸಿಕ್ಕಿದ್ದು ಹಾಗೆ. ನಮ್ಮವರು ಎಷ್ಟು ಹಿಂದಿನವರು ಗೊತ್ತೇ? ರಾಯಚೂರಿನ ಹಟ್ಟಿಯ ಹಳೆಯ ಗಣಿಯಲ್ಲಿ ಸಿಕ್ಕ ಮರದ ತುಂಡುಗಳನ್ನು ಪರೀಕ್ಷಿಸಿದಾಗ ಸುಮಾರು ಎರಡು ಸಾವಿರ ವರ್ಷದ ಹಿಂದಿನ ಕಾಲ ಬಂತು.

ಈಗ ಚಾಮರಾಜನಗರದ ಹುಡುಗರಿಗೆ ಒಂದು ಮಾತು. ನಿಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದರು. ಅದು ಮೊದಲು ಹೋದದ್ದು ಎಲ್ಲಿಗೆ? ಸುಮಾರು 147 ಕಿಲೋಮೀಟರ್ ತಂತಿ ಎಳೆದು ನೇರ ಕೋಲಾರದ ಗಣಿಗೆ. ಬೆಂಗಳೂರಿಗೇ ಕರೆಂಟು ಬಂದದ್ದು 1905ರಲ್ಲಿ. ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ವರ್ಷ ಎಣ್ಣೆ ದೀಪವೇ ಗತಿ. ನಮ್ಮ ನೀರು ಲಂಡನ್ನಿನ ಷೇರುದಾರನಿಗೆ ದುಡಿಯಿತು.

ಗಣಿಯೊಳಗೆ ಏನಿತ್ತು? ಸಿನಿಮಾ ನೋಡಿ ಶಿಳ್ಳೆ ಹೊಡೆದಿದ್ದೀರಿ, ಸರಿ. ಅಲ್ಲಿ ಹೀರೋ ಇದ್ದ. ನಿಜವಾದ ಗಣಿಯಲ್ಲಿ ಇದ್ದದ್ದು ಬಿಸಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಆ ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನ ಭಾರಕ್ಕೆ ಬಂಡೆ ಒಮ್ಮೆಗೇ ಬಾಂಬಿನಂತೆ ಸಿಡಿಯುತ್ತಿತ್ತು. ಅದು ಒಳಗಿದ್ದವನನ್ನು ಕ್ಷಣದಲ್ಲಿ ಮುಗಿಸುತ್ತಿತ್ತು. ಕಲ್ಲಿನ ಧೂಳು ನಿಧಾನವಾಗಿ ಮುಗಿಸುತ್ತಿತ್ತು. ಸಿಲಿಕೋಸಿಸ್ ಎಂಬ ಆ ರೋಗದಲ್ಲಿ ಶ್ವಾಸಕೋಶ ಕಲ್ಲಾಗುತ್ತ ಬರುತ್ತದೆ, ವಾಸಿ ಮಾಡುವ ಔಷಧಿ ಇಲ್ಲ. ಮೇಲೆ ದೊರೆಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಗಳಿಗೆ ಸಾಲು ಸಾಲು ಲೈನ್ ಮನೆ. 1930ರಲ್ಲಿ ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲು ಮಾಡುತ್ತೇವೆ ಎಂದು ಕಂಪನಿ ಹೊರಟಾಗ ಅವರು ಕೆಲಸ ನಿಲ್ಲಿಸಿ ಎದ್ದರು. ನಮ್ಮನ್ನೇನು ಕಳ್ಳರೆಂದುಕೊಂಡಿರಾ ಎನ್ನುವುದು ಅವರ ಸಿಟ್ಟು. 1946ರ ನವೆಂಬರಿನಲ್ಲಿ ಹೋರಾಟಕ್ಕಿಳಿದ ಕಾರ್ಮಿಕರ ಮೇಲೆ ಗುಂಡು ಹಾರಿತು, ಹೆಣ ಬಿದ್ದವು.

ಈಗ ಕಹಿ ಮಾತು. ಆ ಕಾರ್ಮಿಕರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದವರು. ಅವರ ಮಾತು ತಮಿಳು, ತೆಲುಗು. ಅವರಲ್ಲಿ ಬಹುಪಾಲು ದಲಿತರು. ಕನ್ನಡದ ನೆಲದಲ್ಲಿ ಕನ್ನಡಕ್ಕೆ ಜಾಗವಿಲ್ಲದ ಊರು ಎಂದು ನಮ್ಮವರು ಕೆಜಿಎಫ್ ಬಗ್ಗೆ ಕುದಿಯುತ್ತಾರೆ. ನನಗೂ ಬೇಸರ ಇದೆ. ಆದರೆ ಸಿಟ್ಟು ಯಾರ ಮೇಲೆ? ಊರಿನಲ್ಲಿ ತುಂಡು ಹೊಲ, ಒಂದು ಸೂರು ಇರುವವನು ಬೇಸತ್ತರೆ ಮನೆಗೆ ನಡೆದುಬಿಡುತ್ತಾನೆ. ಹೊಲವಿಲ್ಲದೆ ದೂರದಿಂದ ಬಂದವನು ಎಲ್ಲಿಗೆ ಹೋದಾನು? ಕಂಪನಿಗೆ ಬೇಕಾದದ್ದು ಅಂಥವನೇ. ಅವನನ್ನು ಇಳಿಸಿದ್ದು ಕಂಪನಿ. ಕಚೇರಿಯ ಮಾತು ಇಂಗ್ಲಿಷೇ ಇರಲಿ ಎಂದದ್ದೂ ಕಂಪನಿ. ತೆಗೆದ ಚಿನ್ನದ ಮೇಲೆ ನೂರಕ್ಕೆ ಐದರಂತೆ ರಾಯಧನ ಎಣಿಸಿಕೊಂಡು ಸುಮ್ಮನಿದ್ದದ್ದು ಕನ್ನಡದ್ದೇ ಆದ ಮೈಸೂರು ಸರ್ಕಾರ. 1956ರಲ್ಲಿ ಗಣಿ ನಮ್ಮ ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರದ ಪಾಲಾಯಿತು. ಕನ್ನಡಿಗರಿಗೆ ಕೆಲಸ ಕೊಡಿ ಎಂದು ಸರೋಜಿನಿ ಮಹಿಷಿ ಸಮಿತಿ 1980ರ ದಶಕದಲ್ಲಿ ಹೇಳುವ ಹೊತ್ತಿಗೆ ಅದಿರಿನ ಕಸುವು ತೀರುತ್ತ ಬಂದಿತ್ತು. ನಾವು ಎಚ್ಚರಾದದ್ದು ಹಬ್ಬ ಮುಗಿದು ಎಲೆ ಎತ್ತುವಾಗ. ಅದಕ್ಕೆ ಎದೆಯಲ್ಲಿ ಧೂಳು ತುಂಬಿಕೊಂಡ ತಮಿಳು ಕೂಲಿಯನ್ನು ಬೈದರೆ ಏನು ಬಂತು?

ಸುಮಾರು 800 ಟನ್ ಚಿನ್ನ ಕೊಟ್ಟ ಮೇಲೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಸಾವಿರಾರು ಸಂಸಾರ ಬೀದಿಗೆ ಬಂತು. ಗಣಿಗಾರನ ಮಗ ನಸುಕಿನಲ್ಲೆದ್ದು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾನೆ. ನಿಮ್ಮ ಆಫೀಸಿನ ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವನನ್ನು ಊರು ಯಾವುದೆಂದು ಕೇಳಿ ನೋಡಿ. ನಿಮ್ಮೊಡನೆ ಕನ್ನಡದಲ್ಲೇ ಮಾತಾಡಿಯಾನು, ನಿಮಗಿಂತ ಚೆನ್ನಾಗಿ.

ಊರಿನಲ್ಲಿ ಉಳಿದದ್ದು ಸೈನೈಡ್ ಗುಡ್ಡಗಳು. ಚಿನ್ನ ತೆಗೆದ ಮೇಲೆ ಸುರಿದ ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿ. ಬೇಸಿಗೆಯ ಗಾಳಿಗೆ ಅದು ಎದ್ದು ಮನೆಯೊಳಗೆ, ಅನ್ನದ ತಟ್ಟೆಯೊಳಗೆ ಬೀಳುತ್ತದೆ. ಈ ಗುಡ್ಡಗಳಲ್ಲಿ ಇನ್ನೂ ಚಿನ್ನ ಇದೆಯಂತೆ. ಹದಿಮೂರು ಗುಡ್ಡಗಳನ್ನು ಮತ್ತೆ ಸೋಸುವ ಕೇಂದ್ರದ ಯೋಜನೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನದ ಬೆಲೆ ಏರಿದೆಯಲ್ಲ, ಅದಕ್ಕೇ ಹಳೆಯ ಕಸಕ್ಕೂ ಗಿರಾಕಿ.

ಪಂದಲೂರಿನಲ್ಲಿ ಕಾಗದದ ಚಿನ್ನ ತೋರಿಸಿ ಹೋದರು. ಕೋಲಾರದಲ್ಲಿ ನಿಜವಾದ ಚಿನ್ನ ಎತ್ತಿಕೊಂಡು ಹೋದರು. ಈ ಸಲ ಟೆಂಡರು ಕರೆಯುವಾಗ ಕೇಳಬೇಕಾದವರು ನೀವು. ಗುಡ್ಡ ಅಗೆಯುವಾಗ ಏಳುವ ಧೂಳನ್ನು ಹೇಗೆ ಅಡಗಿಸುತ್ತೀರಿ? ಸಿಲಿಕೋಸಿಸ್ ಹಿಡಿದ ಹಳೆಯ ಕಾರ್ಮಿಕರ ಎದೆಯ ತಪಾಸಣೆ ಯಾರ ಖರ್ಚು? ಲೈನ್ ಮನೆಗಳ ಹಕ್ಕುಪತ್ರ ಎಲ್ಲಿ? ಕೆಲಸ ಯಾರಿಗೆ, ಕೋಲಾರ ಜಿಲ್ಲೆಯ ಹುಡುಗರಿಗೋ ಅಥವಾ ಮತ್ತೆ ಲಾರಿಯಲ್ಲಿ ತುಂಬಿ ತಂದ ಗುತ್ತಿಗೆ ಕೂಲಿಗೋ? ಅಪಾಯದ ಫಲಕ ಕನ್ನಡದಲ್ಲಿ ಇರಲೇಬೇಕು. ಅದರ ಕೆಳಗೆ ತಮಿಳಿನಲ್ಲೂ ಇರಲಿ ಎಂದು ಕೇಳುವಷ್ಟು ಎದೆಗಾರಿಕೆ ನಮ್ಮ ಕನ್ನಡ ಸಂಘಗಳಿಗೆ ಇದೆಯೇ?