ಫಾರ್ವರ್ಡ್ ಮಾಡಿದ್ದು ಸಾಕು, ಹಾಡಿನ ಲೆಕ್ಕ ಹಾಡಿದವರ ಹೆಸರಿಗೆ ಬರಲಿ

ನಮ್ಮ ಗಡಿ ತಾಲೂಕುಗಳಲ್ಲಿ ಹಾಡಿಗೆ ಬರ ಇಲ್ಲ ಗೆಳೆಯರೇ. ಜತ್ತ, ಅಕ್ಕಲಕೋಟೆ ಕಡೆ ಡೊಳ್ಳಿನ ಪದಕ್ಕೆ ಮೊಬೈಲ್‌ನಲ್ಲೇ ಬೀಟ್ ಕೂಡಿಸುವ ಹುಡುಗರಿದ್ದಾರೆ. ತಾಳವಾಡಿಯಲ್ಲಿ ಮಾದಪ್ಪನ ಪದವನ್ನು ಗಿಟಾರಿಗೆ ಹೊಂದಿಸುವವರಿದ್ದಾರೆ. ಕಾಸರಗೋಡಿನಲ್ಲಿ ಚೆಂಡೆಯ ಪೆಟ್ಟಿಗೆ ರ‍್ಯಾಪ್ ಬರೆಯುವವರಿದ್ದಾರೆ. ಆದೋನಿ, ರಾಯದುರ್ಗದ ಭಜನಾ ಮಂಡಳಿಗಳಲ್ಲಿ ತತ್ವಪದಕ್ಕೆ ಹೊಸ ದನಿಗಳಿವೆ. ಬರ ಇರುವುದು ಲೆಕ್ಕಕ್ಕೆ. ಈ ಹಾಡು ಯಾರ ಹೆಸರಿನಲ್ಲಿದೆ, ಎಷ್ಟು ಮಂದಿ ಕೇಳಿದರು, ದುಡ್ಡು ಯಾರ ಖಾತೆಗೆ ಹೋಯಿತು ಅಂತ ಕೇಳಿ ನೋಡಿ. ಹೆಚ್ಚಿನವರ ಹತ್ತಿರ ಉತ್ತರ ಇಲ್ಲ.

ನಾನು ಬ್ಯಾಂಕಿನಲ್ಲಿ ಕ್ಲಾರ್ಕ್. ಹಾಡೋಕೆ ಬರಲ್ಲ, ಲೆಕ್ಕ ಬರ್ತದ. ಆ ಕಡೆಯಿಂದಲೇ ಮಾತಾಡ್ತೀನಿ.

ಮೊದಲ ಜಗಳ ನಮ್ಮ ಕೇಳುಗರ ಜೊತೆಗೇ. ನಮ್ಮೂರಿನ ಹುಡುಗ ಹಾಡು ಬಿಟ್ಟ ಅಂದ ಕೂಡಲೇ ನಾವು ಮಾಡೋದೇನು? ವಿಡಿಯೋ ಡೌನ್‌ಲೋಡ್ ಮಾಡಿ ಹತ್ತು ಗುಂಪಿಗೆ ಹಾಕ್ತೀವಿ. ಸ್ಟೇಟಸ್‌ಗೆ ಇಡ್ತೀವಿ. "ಸೂಪರ್ ತಮ್ಮಾ" ಅಂತೀವಿ. ಊರೆಲ್ಲ ಕೇಳಿದ್ದಾಯ್ತು, ಅವನ ಚಾನೆಲ್ಲಿನಲ್ಲಿ ಮಾತ್ರ ಲೆಕ್ಕ ಏರಿಲ್ಲ. ವಾಟ್ಸಾಪ್‌ನಲ್ಲಿ ಓಡಾಡಿದ ಫೈಲು ಯೂಟ್ಯೂಬಿನ ಪುಸ್ತಕದಲ್ಲಿ ಒಂದೇ ಒಂದು ಎಂಟ್ರಿಯೂ ಆಗುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ ಕಳೆದ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂ ಬೇಕು. ಸ್ಪಾಟಿಫೈ 2024ರಿಂದ ಇನ್ನೊಂದು ಗೆರೆ ಎಳೆದಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದ ಹಾಡಿನ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ದೊಡ್ಡ ಕಂಪನಿಗೆ ಈ ಗೆರೆ ಕಣ್ಣಿಗೂ ಕಾಣಲ್ಲ. ನಮ್ಮ ಹುಡುಗನಿಗೆ ಅದೇ ಗೋಡೆ. ಆ ಗೋಡೆ ದಾಟಿಸೋದು ನಮ್ಮ ಕೈಯಲ್ಲಿದೆ, ನಾವು ಫೈಲು ಹಂಚಿ ಅದನ್ನ ಇನ್ನೂ ಎತ್ತರ ಮಾಡ್ತೀವಿ.

ನಮ್ಮಂಥ ಕನ್ನಡದ ಪೇಜುಗಳನ್ನೂ ಬಿಡುವ ಹಾಗಿಲ್ಲ. ಹಾಡಿನ ತುಣುಕು ಕತ್ತರಿಸಿ, ಮೇಲೆ ಪೇಜಿನ ಲೋಗೋ ಅಂಟಿಸಿ, ಹಾಡಿದವನ ಹೆಸರನ್ನೇ ಬಿಟ್ಟು ಹಾಕುವುದು ಭಾಷಾ ಸೇವೆ ಅಲ್ಲ. ಹೆಸರು ಹಾಕಿ. ಅವನ ಚಾನೆಲ್ಲಿನ ಲಿಂಕ್ ಕೊಡಿ. ಲೈಕು ಪೇಜಿಗೆ ಬಂದು ಹಸಿವು ಹಾಡುಗಾರನಿಗೆ ಉಳಿಯೋದಾದ್ರೆ ಅದು ಅಭಿಮಾನ ಹೆಂಗಾಗ್ತದ?

ಎರಡನೇ ಜಗಳ, ಬುದ್ಧಿ ಹೇಳುವವರ ಜೊತೆ. "ಕನ್ನಡದಾಗ ಏನ್ ಸಿಗ್ತದ ತಮ್ಮಾ, ಮರಾಠಿಯೊಳಗ ಹಾಡು, ರೀಚ್ ಬರ್ತದ." ಹೊಸೂರಿನಲ್ಲಿ ತಮಿಳು ಅಂತಾರೆ, ಕಾಸರಗೋಡಿನಲ್ಲಿ ಮಲಯಾಳಂ ಅಂತಾರೆ, ಮಡಕಶಿರಾದಲ್ಲಿ ತೆಲುಗು ಅಂತಾರೆ. ಆ ಭಾಷೆಗಳ ಮೇಲೆ ನನಗೇನೂ ಸಿಟ್ಟಿಲ್ಲ, ದಿನಾ ಕೌಂಟರಿನಲ್ಲಿ ಮರಾಠಿಯೇ ಮಾತಾಡ್ತೀನಿ. ಮನಸ್ಸಿದ್ದರೆ ಆ ಭಾಷೆಯಲ್ಲೂ ಹಾಡಿ, ಯಾರು ಬೇಡ ಅಂದ್ರು? ಆದರೆ ಭಾಷೆ ಬಿಟ್ಟರೆ ಮಾತ್ರ ಕೇಳುಗರು ಬರ್ತಾರೆ ಅನ್ನೋದು ಸುಳ್ಳು. ಅಟ್ಟಪ್ಪಾಡಿಯ ನಂಜಿಯಮ್ಮ ಇರುಳ ಭಾಷೆಯಲ್ಲಿ ಹಾಡಿದರು. ಅದನ್ನು ಆಡುವವರ ಸಂಖ್ಯೆ ಕನ್ನಡಿಗರ ಸಂಖ್ಯೆಯ ಮುಂದೆ ಎಷ್ಟು? 2020ರ 'ಅಯ್ಯಪ್ಪನುಂ ಕೋಶಿಯುಂ' ಸಿನಿಮಾದ ಆ ಹಾಡು ಆನ್‌ಲೈನಿನಲ್ಲಿ ಹಬ್ಬಿತು, 2022ರಲ್ಲಿ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕಿ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಅವರ ಹಿಂದೆ ಒಂದು ಸಿನಿಮಾ ಇತ್ತು, ನಿಜ. ಆದರೂ ಕೇಳಿದ ಲಕ್ಷಾಂತರ ಮಂದಿ ಅರ್ಥ ಆಗಲಿಲ್ಲ ಅಂತ ಹಾಡು ನಿಲ್ಲಿಸಲಿಲ್ಲ.

ಅರ್ಥ ಆಗಬೇಕು ಅಂದ್ರೆ ಅದಕ್ಕೂ ದಾರಿ ಇದೆ. ಯೂಟ್ಯೂಬಿನ ಒಂದೇ ವಿಡಿಯೋಗೆ ಹಲವು ಭಾಷೆಯ ಸಬ್‌ಟೈಟಲ್ ಹಾಕಬಹುದು. ಹಾಡು ಕನ್ನಡದಲ್ಲಿರಲಿ, ಸಬ್‌ಟೈಟಲ್ ಕನ್ನಡದ ಜೊತೆಗೆ ನಿಮ್ಮ ರಾಜ್ಯದ ಭಾಷೆಯಲ್ಲೂ ಇರಲಿ. ಎರಡು ಭಾಷೆ ಬರೆಯಲು ಬರುವುದು ಗಡಿಯಲ್ಲಿ ಹುಟ್ಟಿದವರ ಆಸ್ತಿ. ಬೆಂಗಳೂರಿನ ಬ್ಯಾಂಡಿಗೆ ಆ ಕೆಲಸಕ್ಕೆ ಯಾರನ್ನಾದರೂ ಹುಡುಕಬೇಕು, ನಿಮಗೆ ಮನೆಯಲ್ಲೇ ತಂಗಿ ಬರೆದುಕೊಡ್ತಾಳೆ.

ಇನ್ನು ಕಾಗದ ಪತ್ರದ ವಿಷಯ. ಹೆಸರು ಬಂದರೆ ಸಾಲದು, ಬರಹ ಬೇಕು. 2021ರ 'ಎಂಜಾಯ್ ಎಂಜಾಮಿ' ಯಾರಿಗೆ ಗೊತ್ತಿಲ್ಲ? ಹೊಸೂರಿನಿಂದ ಸೊಲ್ಲಾಪುರದ ತನಕ ಮದುವೆ ಮೆರವಣಿಗೆಯಲ್ಲಿ ಕುಣಿದಿದ್ದೇವೆ. ಮೂರು ವರ್ಷ ಆದ ಮೇಲೆ, 2024ರಲ್ಲಿ, ಅದರ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಆ ಹಾಡಿನಿಂದ ಕಲಾವಿದರಿಗೆ ಒಂದು ಪೈಸೆಯೂ ಬಂದಿಲ್ಲ ಅಂತ ಬಹಿರಂಗವಾಗಿ ಹೇಳಿದರು. ಅಷ್ಟು ದೊಡ್ಡವರ ಮಾತೇ ಹೀಗಿರುವಾಗ ನಮ್ಮ ಹಳ್ಳಿಯ ಹುಡುಗನ ಗತಿ ಏನು? ನಮ್ಮ ಕಡೆಯ ಒಂದು ಭಜನಾ ಮಂಡಳಿಯವರು ಒಂದು ರೆಕಾರ್ಡಿಂಗ್ ಕೋಣೆಗೆ ಹೋಗಿ, ತಾವೇ ದುಡ್ಡು ಕೊಟ್ಟು ಹಾಡಿ ಬಂದರು. ಹಾಡು ಇವತ್ತು ಕೋಣೆಯವರ ಚಾನೆಲ್ಲಿನಲ್ಲಿದೆ. ಹಾಡಿದವರ ಹೆಸರು ಕೊನೆಗೆ ಸಣ್ಣ ಅಕ್ಷರದಲ್ಲಿ ಓಡಿ ಹೋಗ್ತದ.

ಕಾನೂನು ನಮ್ಮ ಪರ ಇದೆ, ಓದಿಕೊಳ್ಳಬೇಕು ಅಷ್ಟೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಬಾಯಿಮಾತು ನಡೆಯಲ್ಲ. ಬರಹದಲ್ಲಿ ಅವಧಿ ಹೇಳಿರದಿದ್ದರೆ 5 ವರ್ಷ ಅಂತಲೇ ಲೆಕ್ಕ. ಯಾವ ಪ್ರದೇಶಕ್ಕೆ ಅಂತ ಹೇಳಿರದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಇನ್ನೂ ಗಟ್ಟಿ: ಹಾಡು ಬರೆದವರು, ರಾಗ ಹಾಕಿದವರು ಕೃತಿಸ್ವಾಮ್ಯ ಕೊಟ್ಟ ಮೇಲೂ, ಧ್ವನಿಮುದ್ರಣದಲ್ಲಿ ಸೇರಿದ ತಮ್ಮ ಕೃತಿಯ ಬಳಕೆಗೆ ಬರುವ ರಾಯಲ್ಟಿಯಲ್ಲಿ ಸಮಪಾಲಿನ ಹಕ್ಕನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. "ಎಲ್ಲಾ ಹಕ್ಕು, ಶಾಶ್ವತ, ಜಗತ್ತಿನಾದ್ಯಂತ" ಅಂತ ಇರೋ ಒಂದು ಹಾಳೆ ಮುಂದೆ ಇಟ್ಟರೆ ಪೆನ್ನು ಜೇಬಿಗೆ ಹಾಕಿ ಎದ್ದು ಬನ್ನಿ.

ಈಗ ಮಾಡಬೇಕಾದ್ದು ಹೇಳ್ತೀನಿ. ಚಾನೆಲ್ ನಿಮ್ಮ ಹೆಸರಿನಲ್ಲೇ ಇರಲಿ, ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. ಯೂಟ್ಯೂಬ್ ಒಂದಕ್ಕೇ ನಿಲ್ಲಬೇಡಿ. ಟ್ಯೂನ್‌ಕೋರ್, ಡಿಸ್ಟ್ರೋಕಿಡ್ ತರಹದ ವಿತರಕರ ಮೂಲಕ ಸ್ಪಾಟಿಫೈ, ಆಪಲ್ ಮ್ಯೂಸಿಕ್ ಎಲ್ಲ ಕಡೆ ಹಾಡು ಹೋಗಲಿ. ಪ್ರತಿ ಹಾಡಿಗೂ 12 ಅಕ್ಷರ-ಅಂಕೆಗಳ ಐಎಸ್‌ಆರ್‌ಸಿ ಸಂಖ್ಯೆ ಸಿಗುತ್ತದೆ, ಅದು ಹಾಡಿನ ಖಾತೆ ಸಂಖ್ಯೆ ಇದ್ದ ಹಾಗೆ, ಬರೆದಿಟ್ಟುಕೊಳ್ಳಿ. ಸ್ವಂತ ಸಾಹಿತ್ಯ, ಸ್ವಂತ ರಾಗ ಇದ್ದವರು ಐಪಿಆರ್‌ಎಸ್ ಸದಸ್ಯರಾಗಿ ಕೃತಿ ನೋಂದಾಯಿಸಿ. ಹಾಡು ಬಿಡುವ ಕನಿಷ್ಠ 7 ದಿನ ಮೊದಲೇ ಸ್ಪಾಟಿಫೈನ ಕಲಾವಿದರ ಆ್ಯಪಿನಲ್ಲಿ ಅದನ್ನು ಪಿಚ್ ಮಾಡಿ. ಆಗ ನಿಮ್ಮನ್ನು ಫಾಲೋ ಮಾಡುವವರ ಹೊಸ ಹಾಡುಗಳ ಪಟ್ಟಿಗೆ ಅದು ಹೋಗುತ್ತದೆ. ರಾತ್ರಿ ಹಾಡು ಮುಗಿಸಿ ಬೆಳಿಗ್ಗೆ ಬಿಟ್ಟರೆ ಆ ಅವಕಾಶ ಕೈ ತಪ್ಪಿತು.

ಭಾಷೆಯ ಕಾಲಂನಲ್ಲಿ ಕನ್ನಡ ಅಂತಲೇ ಆರಿಸಿ. ಶೀರ್ಷಿಕೆ ಕನ್ನಡ ಲಿಪಿಯಲ್ಲೂ ಇರಲಿ, ಇಂಗ್ಲಿಷ್ ಅಕ್ಷರದಲ್ಲೂ ಇರಲಿ, ಹುಡುಕುವವರು ಎರಡರಲ್ಲೂ ಹುಡುಕ್ತಾರೆ. ವಿವರಣೆಯಲ್ಲಿ ನಿಮ್ಮ ಊರು, ತಾಲೂಕಿನ ಹೆಸರು ಹಾಕಿ. ಬರೆದವರು, ರಾಗ ಹಾಕಿದವರು, ನುಡಿಸಿದವರು, ಎಲ್ಲರ ಹೆಸರೂ ಇರಲಿ. ಕೇಳುಗರು ಯಾವ ನಗರದವರು ಅಂತ ಸ್ಪಾಟಿಫೈ ಕಲಾವಿದರಿಗೆ ತೋರಿಸುತ್ತದೆ. ಕನ್ನಡ ಹಾಡಿನ ಲೆಕ್ಕದಲ್ಲಿ ಸೊಲ್ಲಾಪುರದ ಹೆಸರು ಮೇಲೆ ಬಂದರೆ, ಕಾರ್ಯಕ್ರಮ ಇಡುವವರ ಮುಂದೆ ಆ ಪಟ್ಟಿ ಇಟ್ಟು ಮಾತಾಡಬಹುದು. "ಇಲ್ಲಿ ಕನ್ನಡ ಕೇಳುವವರು ಯಾರಿದ್ದಾರೆ" ಅನ್ನುವವರಿಗೆ ಭಾಷಣಕ್ಕಿಂತ ಒಳ್ಳೆ ಉತ್ತರ ಅದು.

ಹಳೆಯ ಪದ ಹಾಡುವವರಿಗೆ ಒಂದು ಮಾತು. ಶರೀಫರ ಪದ, ಅಜ್ಜಿಯರ ಸೋಬಾನೆ ಯಾವ ಕಂಪನಿಯ ಸ್ವತ್ತೂ ಅಲ್ಲ. ಆದರೆ ನಿಮ್ಮ ದನಿ, ನಿಮ್ಮ ಮುದ್ರಣ ನಿಮ್ಮದು. ಅಂಥ ಹಾಡಿಗೆ ಕಂಟೆಂಟ್ ಐಡಿಯಲ್ಲಿ ಯಾರಾದರೂ ಹಕ್ಕು ಹೂಡಿದರೆ ಹೆದರಿ ವಿಡಿಯೋ ತೆಗೆಯಬೇಡಿ, ಆಕ್ಷೇಪ ಸಲ್ಲಿಸಿ. ಅವರು 30 ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಆ ಹಕ್ಕು ಬಿದ್ದು ಹೋಗುತ್ತದೆ. ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿ ಹಾಡಿದರೆ ಮಾತ್ರ ವಾದ ಮಾಡಲು ಜಾಗ ಇಲ್ಲ, ಜಾಹೀರಾತಿನ ದುಡ್ಡು ಕಂಪನಿಗೇ ಹೋಗಬಹುದು.

ಕೊನೆಯದು, "ಐನೂರು ರೂಪಾಯಿಗೆ ಹತ್ತು ಸಾವಿರ ವ್ಯೂ" ಅನ್ನುವ ದಲ್ಲಾಳಿಗಳು. ಅದು ಖೋಟಾ ನೋಟು. ಯೂಟ್ಯೂಬ್ ಅಂಥ ವ್ಯೂಗಳನ್ನು ಕಿತ್ತು ಹಾಕುತ್ತದೆ, ಚಾನೆಲ್ಲನ್ನೇ ಮುಚ್ಚಲೂಬಹುದು. ಆ ಐನೂರಕ್ಕೆ ಒಂದು ಒಳ್ಳೆ ಮೈಕ್ ಬಾಡಿಗೆಗೆ ತನ್ನಿ.

ಹಾಡುವವರು ಹಾಡಲಿ, ಉಳಿದ ನಮಗೂ ಕೆಲಸ ಇದೆ. ಬಿಕಾಂ ಓದಿದವರು ಫಾರಂ ತುಂಬಿಕೊಡಿ. ಕಾನೂನು ಓದಿದವರು ಒಪ್ಪಂದ ಓದಿಕೊಡಿ. ಏನೂ ಬರದವರು ಲಿಂಕ್ ಒತ್ತಿ ಹಾಡು ಪೂರ್ತಿ ಕೇಳಿ, ಚಂದಾದಾರರಾಗಿ, ಲಿಂಕನ್ನೇ ಕಳಿಸಿ. ಕೆಳಗೆ ನಿಮ್ಮ ತಾಲೂಕಿನ ಒಬ್ಬ ಹಾಡುಗಾರನ, ಹಾಡುಗಾರ್ತಿಯ ಚಾನೆಲ್ ಲಿಂಕ್ ಹಾಕಿ. ಫೈಲು ಬೇಡ.