ಮನ್ರೋವಿಲ್‌ನ ಕೋರ್ಟಿನಲ್ಲಿ ಅಟಿಕಸ್ ಇರಲಿಲ್ಲ

ಅಮೆರಿಕದ ದಕ್ಷಿಣದ ಅಲಬಾಮ ರಾಜ್ಯದಲ್ಲಿ ಮನ್ರೋವಿಲ್ ಎಂಬ ಸಣ್ಣ ಊರಿದೆ. ಊರ ನಡುವೆ ಚೌಕ, ಚೌಕದಲ್ಲಿ ಕೆಂಪು ಇಟ್ಟಿಗೆಯ ಹಳೆಯ ಕೋರ್ಟು, ಅದರ ನೆತ್ತಿಯ ಮೇಲೆ ಗಡಿಯಾರದ ಗೋಪುರ. ಹಾರ್ಪರ್ ಲೀ ಹುಟ್ಟಿ ಬೆಳೆದ ಊರು ಇದು. ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದಿದವರಿಗೆ ಈ ಕಟ್ಟಡವನ್ನು ಕಣ್ಣಾರೆ ನೋಡಬೇಕಿಲ್ಲ. ಅಟಿಕಸ್ ಫಿಂಚ್ ಎಂಬ ವಕೀಲ ಟಾಮ್ ರಾಬಿನ್ಸನ್ ಪರವಾಗಿ ವಾದಿಸಿದ್ದು, ಸೋತು ಹೊರನಡೆದಾಗ ಮೇಲಿನ ಬಾಲ್ಕನಿಯಲ್ಲಿದ್ದ ಕಪ್ಪು ಜನರೆಲ್ಲ ಎದ್ದು ನಿಂತದ್ದು ಇಂಥದೇ ಕೋಣೆಯಲ್ಲಿ. 1962ರ ಸಿನಿಮಾಕ್ಕೆ ಹಾಲಿವುಡ್‌ನವರು ಇಲ್ಲಿಗೆ ಬಂದು ಈ ಕೋಣೆಯನ್ನು ನೋಡಿಕೊಂಡು ಹೋಗಿ, ತಮ್ಮ ಸ್ಟುಡಿಯೋದಲ್ಲಿ ಅದರದೇ ಪಡಿಯಚ್ಚು ಕಟ್ಟಿದರು. ಈಗ ಇದು ಮ್ಯೂಸಿಯಂ. ಓದುಗರು ದೂರದೂರದಿಂದ ಬಂದು ಮೆಟ್ಟಿಲು ಹತ್ತಿ, ಅಟಿಕಸ್ ನಿಂತ ಜಾಗವನ್ನು ಹುಡುಕುತ್ತಾರೆ.

ಅಟಿಕಸ್ ಅಲ್ಲಿ ಎಲ್ಲಿಯೂ ನಿಂತಿರಲಿಲ್ಲ. ಕಾದಂಬರಿಯ ಪಾತ್ರ ಅದು, ಎಲ್ಲರಿಗೂ ಗೊತ್ತಿರುವುದೇ. ಆದರೆ ಆ ಕೋಣೆಯಲ್ಲಿ ನಿಜವಾಗಿ ನಿಂತವರು, ಕೂತವರು, ಶಿಕ್ಷೆ ಕೇಳಿಸಿಕೊಂಡವರು ಇದ್ದಾರಲ್ಲ, ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇಂಗ್ಲಿಷ್ ತರಗತಿಯಲ್ಲಿ ಟಾಮ್ ರಾಬಿನ್ಸನ್‌ಗಾಗಿ ಕಣ್ಣೀರು ತುಂಬಿಕೊಂಡವರು ವಾಲ್ಟರ್ ಲೆಟ್ ಎಂಬ ಹೆಸರನ್ನು ಕೇಳಿಯೇ ಇಲ್ಲ. ನನ್ನ ಜಗಳ ಕಾದಂಬರಿಯೊಂದಿಗಲ್ಲ. ಒಂದು ಕಟ್ಟಡದ ಚರಿತ್ರೆಯನ್ನು ಒರೆಸಿ, ಅದರ ಮೇಲೆ ನಮಗೆ ಹಿತವಾಗುವ ಕಥೆಯನ್ನು ಬರೆದುಕೊಂಡ ಓದಿನೊಂದಿಗೆ.

ಮೊದಲು ಕಟ್ಟಡವನ್ನೇ ನೋಡೋಣ. ಕೌಂಟಿ ಕೋರ್ಟು ಎಂದರೆ ವಾದ–ಪ್ರತಿವಾದ ನಡೆಯುವ ಜಾಗ ಮಾತ್ರ ಅಂದುಕೊಂಡರೆ ತಪ್ಪು. ನಮ್ಮ ತಾಲ್ಲೂಕು ಕಚೇರಿ, ನೋಂದಣಿ ಕಚೇರಿ, ಮುನ್ಸೀಫ್ ಕೋರ್ಟು ಎಲ್ಲವನ್ನೂ ಒಂದೇ ಸೂರಿನಡಿ ತಂದರೆ ಹೇಗಿರುತ್ತದೋ ಹಾಗೆ. ಜಮೀನಿನ ಪತ್ರ, ತೆರಿಗೆ, ಮದುವೆಯ ಪರವಾನಗಿ, ಮತದಾರರ ಪಟ್ಟಿ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಯಾರು ಈ ಊರಿನ ಪ್ರಜೆ, ಯಾರು ಅಲ್ಲ ಎಂಬುದು ತೀರ್ಮಾನವಾಗುತ್ತಿದ್ದುದು ಆ ಕೌಂಟರುಗಳಲ್ಲಿ.

ಮನ್ರೋವಿಲ್‌ನ ಈ ಕೋರ್ಟು ಕಟ್ಟಿದ್ದು 1903ರಲ್ಲಿ. ಈ ಇಸವಿಯನ್ನು ಸುಮ್ಮನೆ ದಾಟಿ ಹೋಗಬಾರದು. ಅದಕ್ಕೆ ಎರಡೇ ವರ್ಷ ಹಿಂದೆ, 1901ರಲ್ಲಿ, ಅಲಬಾಮ ಹೊಸ ಸಂವಿಧಾನವನ್ನು ಬರೆದುಕೊಂಡಿತ್ತು. ಬಿಳಿಯರ ಮೇಲುಗೈಯನ್ನು ಕಾನೂನಿನ ಮೂಲಕವೇ ಭದ್ರಪಡಿಸುವುದು ತಮ್ಮ ಉದ್ದೇಶ ಎಂದು ಆ ಸಭೆಯ ಅಧ್ಯಕ್ಷರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಕ್ಷರ ಪರೀಕ್ಷೆ, ಆಸ್ತಿಯ ಷರತ್ತು, ತಲೆಗಂದಾಯ ಎಲ್ಲ ಬಂದವು. 1900ರಲ್ಲಿ ಮತದಾನಕ್ಕೆ ಅರ್ಹರಾಗಿದ್ದ ಕಪ್ಪು ಗಂಡಸರು ರಾಜ್ಯದಲ್ಲಿ ಸುಮಾರು 1,80,000. 1903ರ ಹೊತ್ತಿಗೆ ಪಟ್ಟಿಯಲ್ಲಿ ಉಳಿದವರು 3,000ಕ್ಕೂ ಕಡಿಮೆ. ಅಂದರೆ ಈ ಕೆಂಪು ಇಟ್ಟಿಗೆಗಳು ಮೇಲೇಳುತ್ತಿದ್ದಾಗಲೇ ಪಟ್ಟಿಯಿಂದ ಹೆಸರುಗಳು ಹೊರಬೀಳುತ್ತಿದ್ದವು. ಜ್ಯೂರಿಯ ಕುರ್ಚಿಗಳೂ ಬಿಳಿ ಗಂಡಸರಿಗೇ. ಹೆಂಗಸರಂತೂ, ಬಿಳಿಯರಾಗಲಿ ಕಪ್ಪಾಗಲಿ, ಅಲಬಾಮದ ಜ್ಯೂರಿಯಲ್ಲಿ ಕೂರಲು 1966ರವರೆಗೆ ಕಾಯಬೇಕಾಯಿತು. ನಾವು ಅಷ್ಟೊಂದು ಪ್ರೀತಿಸುವ ಆ ಬಾಲ್ಕನಿ ಇದೇ ವ್ಯವಸ್ಥೆಯ ಮರದ ರೂಪ. ಗೌರವದಿಂದ ಎದ್ದು ನಿಲ್ಲುವುದಕ್ಕಾಗಿ ಅದನ್ನು ಯಾರೂ ಕಟ್ಟಿರಲಿಲ್ಲ.

ಇನ್ನು ವಾಲ್ಟರ್ ಲೆಟ್. 1933ರ ನವೆಂಬರಿನಲ್ಲಿ ಮನ್ರೋವಿಲ್ ಬಳಿ ಬಿಳಿ ಹೆಂಗಸೊಬ್ಬಳು ತನ್ನ ಮೇಲೆ ಅತ್ಯಾಚಾರವಾಯಿತೆಂದು ಈ ಕಪ್ಪು ಕೂಲಿಯಾಳಿನ ಮೇಲೆ ದೂರು ಕೊಟ್ಟಳು. 1934ರ ಮಾರ್ಚಿನಲ್ಲಿ ಇದೇ ಕೋರ್ಟಿನಲ್ಲಿ ವಿಚಾರಣೆ ನಡೆದು, ಬಿಳಿಯರೇ ತುಂಬಿದ್ದ ಜ್ಯೂರಿ ಅಪರಾಧಿ ಎಂದಿತು. ಮರಣದಂಡನೆಯಾಯಿತು. ಸಾವಿನ ಸಾಲಿನಲ್ಲಿ ಕಾಯುತ್ತಾ ಆತನ ಮನಸ್ಸು ಕದಡಿಹೋಯಿತು. ಗವರ್ನರ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. 1937ರಲ್ಲಿ ಲೆಟ್ ಕ್ಷಯದಿಂದ ತೀರಿಕೊಂಡ. ಹಾರ್ಪರ್ ಲೀಗೆ ಆಗಿನ್ನೂ ಹನ್ನೊಂದು ತುಂಬಿರಲಿಲ್ಲ, ಇಲ್ಲವೇ ಆಗಷ್ಟೇ ತುಂಬಿತ್ತು. ಆಕೆಯ ತಂದೆ ಎ. ಸಿ. ಲೀ ಊರಿನ ಪತ್ರಿಕೆ ‘ಮನ್ರೋ ಜರ್ನಲ್’ನ ಸಂಪಾದಕ. ಲೆಟ್ ಪ್ರಕರಣದ ಸುದ್ದಿ ಅಚ್ಚಾದದ್ದು ಆ ಪತ್ರಿಕೆಯಲ್ಲೇ.

ತಂದೆ ವಕೀಲರೂ ಹೌದು, ಅಟಿಕಸ್‌ಗೆ ಮಾದರಿಯೂ ಹೌದು. ಆದರೆ ಲೆಟ್ ಪರವಾಗಿ ವಾದಿಸಿದವರು ಅವರಲ್ಲ. ಅದಕ್ಕೂ ಬಹಳ ಮೊದಲು, 1919ರಲ್ಲಿ, ಬಿಳಿ ಅಂಗಡಿಕಾರನೊಬ್ಬನ ಕೊಲೆಯ ಆರೋಪ ಹೊತ್ತ ಇಬ್ಬರು ಕಪ್ಪು ಮನುಷ್ಯರ ಪರ ಅವರು ನಿಂತಿದ್ದರು. ಅಪ್ಪ, ಮಗ. ಇಬ್ಬರನ್ನೂ ಗಲ್ಲಿಗೇರಿಸಲಾಯಿತು. ಆಮೇಲೆ ಅವರು ಕ್ರಿಮಿನಲ್ ಮೊಕದ್ದಮೆಗಳ ಕಡೆ ತಲೆಹಾಕಲಿಲ್ಲ. ನನಗಂತೂ ಅಟಿಕಸ್‌ನ ಭಾಷಣಕ್ಕಿಂತ ಈ ಹಿಂಜರಿತ ಹೆಚ್ಚು ನಿಜವಾಗಿ ಕಾಣುತ್ತದೆ. ಒಬ್ಬ ಸಭ್ಯ ಮನುಷ್ಯ ಆ ಕೋಣೆಯೊಳಗೆ ಹೋಗಿ, ಅಲ್ಲಿ ಏನಾಗುತ್ತದೆಂದು ನೋಡಿ, ಬಾಗಿಲು ಹಾಕಿಕೊಂಡು ಬಂದುಬಿಟ್ಟ.

ಲೀಗೆ ಇದೆಲ್ಲ ಗೊತ್ತಿತ್ತು, ಆಕೆ ಬರೆದೂ ಇದ್ದರು. ‘ಗೋ ಸೆಟ್ ಎ ವಾಚ್‌ಮನ್’ ಬರೆದದ್ದು ‘ಮಾಕಿಂಗ್‌ಬರ್ಡ್’ಗಿಂತ ಮೊದಲು, ಹೊರಬಂದದ್ದು 2015ರಲ್ಲಿ. ಅದರಲ್ಲಿ ದೊಡ್ಡವಳಾದ ಸ್ಕೌಟ್ ಅದೇ ಕೋರ್ಟಿನ ಅದೇ ಬಾಲ್ಕನಿಗೆ ಹತ್ತಿ ಕೆಳಗೆ ನೋಡುತ್ತಾಳೆ. ಬಿಳಿಯರ ನಾಗರಿಕ ಮಂಡಳಿಯ ಸಭೆ ನಡೆಯುತ್ತಿದೆ. ವರ್ಣದ್ವೇಷದ ಕೊಳಕು ಮಾತಾಡುವವನ ಪಕ್ಕದಲ್ಲಿ ಅಪ್ಪ ಅಟಿಕಸ್ ಸುಮ್ಮನೆ ಕೂತಿದ್ದಾನೆ. ಪುಸ್ತಕ ಬಂದಾಗ ಜಗತ್ತಿನಾದ್ಯಂತ ಓದುಗರು ಹೌಹಾರಿದರು, ನಮ್ಮ ಅಟಿಕಸ್‌ನನ್ನು ಕೆಡಿಸಿದರು ಎಂದರು. ಒಂದೇ ಬಾಲ್ಕನಿಯಿಂದ ಎರಡು ನೋಟಗಳನ್ನು ಲೇಖಕಿ ಕೊಟ್ಟಿದ್ದಾರೆ. ಮಗುವಿನ ನೋಟ ನಮಗೆ ಬೇಕು, ವಯಸ್ಕಳದು ಬೇಡ!

1963ರಲ್ಲಿ ಪಕ್ಕದಲ್ಲೇ ಹೊಸ ಕೋರ್ಟು ಕಟ್ಟಿದರು, ಹಳೆಯದು ಖಾಲಿಯಾಯಿತು. 1991ರಿಂದ ಪ್ರತಿ ವಸಂತದಲ್ಲಿ ಊರವರು ಕಾದಂಬರಿಯನ್ನು ನಾಟಕ ಮಾಡಿ ಆಡುತ್ತಾರೆ. ಮೊದಲ ಭಾಗ ಹೊರಗಿನ ಬಯಲಿನಲ್ಲಿ, ವಿಚಾರಣೆಯ ಭಾಗ ಒಳಗಿನ ನಿಜವಾದ ಕೋಣೆಯಲ್ಲಿ. ಪ್ರೇಕ್ಷಕರಲ್ಲೇ ಹನ್ನೆರಡು ಮಂದಿಯನ್ನು ಆರಿಸಿ ಜ್ಯೂರಿಯಾಗಿ ಕೂರಿಸುತ್ತಾರೆ.

ಅದೇ 1991ರ ವಸಂತದಲ್ಲಿ ಇದೇ ಕೌಂಟಿಯ ವಾಲ್ಟರ್ ಮ್ಯಾಕ್‌ಮಿಲಿಯನ್ ಸೆರೆಮನೆಯಲ್ಲಿ ಮರಣದಂಡನೆಗೆ ಕಾಯುತ್ತಿದ್ದ. 1986ರಲ್ಲಿ ಮನ್ರೋವಿಲ್‌ನ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಿಳಿ ಯುವತಿಯೊಬ್ಬಳ ಕೊಲೆಯಾಗಿತ್ತು. ಆ ಹೊತ್ತಿನಲ್ಲಿ ಆತ ಮನೆಯ ಬಳಿ ಮೀನು ಕರಿಯುವ ಕೂಟದಲ್ಲಿದ್ದದ್ದನ್ನು ಕಂಡವರು ಹಲವರು. ಕಂಡವರೆಲ್ಲ ಕಪ್ಪು ಜನ, ಹಾಗಾಗಿ ಅವರ ಸಾಕ್ಷ್ಯಕ್ಕೆ ತೂಕ ಬರಲಿಲ್ಲ. ವಿಚಾರಣೆಗೂ ಮೊದಲೇ ಅವನನ್ನು ಸಾವಿನ ಸಾಲಿಗೆ ಹಾಕಿದರು. ಮೊಕದ್ದಮೆಯನ್ನು ಕಪ್ಪು ಜನ ಕಡಿಮೆಯಿದ್ದ ಬಾಲ್ಡ್‌ವಿನ್ ಕೌಂಟಿಗೆ ವರ್ಗಾಯಿಸಿದರು. 1988ರಲ್ಲಿ ಹನ್ನೊಂದು ಬಿಳಿಯರು, ಒಬ್ಬ ಕಪ್ಪು ಸದಸ್ಯರಿದ್ದ ಜ್ಯೂರಿ ಜೀವಾವಧಿ ಶಿಕ್ಷೆ ಸಾಕು ಎಂದರೂ ನ್ಯಾಯಾಧೀಶರು ಅದನ್ನು ತಳ್ಳಿಹಾಕಿ ಮರಣದಂಡನೆ ಕೊಟ್ಟರು. ಅವರ ಹೆಸರು ರಾಬರ್ಟ್ ಇ. ಲೀ ಕೀ. ಗುಲಾಮಗಿರಿಯ ಪರ ಸೇನೆ ನಡೆಸಿದ ಸೇನಾಪತಿಯ ಹೆಸರು! ಕಾದಂಬರಿಕಾರರು ಇಂಥ ಹೆಸರಿಟ್ಟಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ವಕೀಲ ಬ್ರಯಾನ್ ಸ್ಟೀವನ್‌ಸನ್ ಹೋರಾಡಿ, 1993ರ ಮಾರ್ಚಿನಲ್ಲಿ ಮ್ಯಾಕ್‌ಮಿಲಿಯನ್ ನಿರಪರಾಧಿಯಾಗಿ ಹೊರಬಂದ. ಅಷ್ಟರಲ್ಲಿ ಆರು ವರ್ಷ ಸಂದಿತ್ತು, ಊರಿನ ನಾಟಕ ಎರಡು ವಸಂತ ಕಂಡಿತ್ತು. ಕಾಲ್ಪನಿಕ ಅನ್ಯಾಯಕ್ಕೆ ಕಂಬನಿ ಮಿಡಿಯುತ್ತಾ ಇದ್ದ ಊರಿಗೆ ಜೀವಂತ ಮನುಷ್ಯನ ಅನ್ಯಾಯ ಕಾಣದೆ ಹೋದದ್ದನ್ನು ಸ್ಟೀವನ್‌ಸನ್ ತಮ್ಮ ‘ಜಸ್ಟ್ ಮರ್ಸಿ’ಯಲ್ಲಿ ಕಹಿಯಾಗಿ ಗುರುತಿಸಿದ್ದಾರೆ.

ಮ್ಯೂಸಿಯಂ ಇಲ್ಲದಿದ್ದರೆ ಕಟ್ಟಡವೇ ಉಳಿಯುತ್ತಿರಲಿಲ್ಲ, ಕಾದಂಬರಿ ಎಷ್ಟೋ ಜನರ ಕಣ್ಣು ತೆರೆಸಿದೆ ಎಂದು ವಾದಿಸುವವರಿದ್ದಾರೆ. ಇರಲಿ. ಬೇರೆ ದಾರಿಯೇ ಇಲ್ಲವೆಂದು ಮಾತ್ರ ಹೇಳಬೇಡಿ. ನೆರೆಯ ಮಿಸಿಸಿಪ್ಪಿ ರಾಜ್ಯದಲ್ಲಿ ಸಮ್ನರ್ ಎಂಬ, ಇದಕ್ಕಿಂತಲೂ ಸಣ್ಣ ಊರಿದೆ. 1955ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೌಂಟಿ ಕೋರ್ಟಿನಲ್ಲಿ, ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನನ್ನು ಕೊಂದ ಇಬ್ಬರನ್ನು ಬಿಳಿ ಗಂಡಸರ ಜ್ಯೂರಿ 67 ನಿಮಿಷದಲ್ಲಿ ಬಿಡುಗಡೆ ಮಾಡಿತು. ಹುಡುಗರನ್ನು ಬೆಳೆಸಲು ಒಳ್ಳೆಯ ಊರು ಎಂಬುದು ಆಗ ಸಮ್ನರ್ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಮಾತು. ಐವತ್ತೆರಡು ವರ್ಷ ಊರು ಬಾಯಿ ಬಿಡಲಿಲ್ಲ. 2007ರಲ್ಲಿ ಅದೇ ಕೋರ್ಟಿನ ಮುಂದೆ ಟಿಲ್ ಕುಟುಂಬದವರ ಎದುರು ಕ್ಷಮಾಪಣೆ ಓದಲಾಯಿತು. ಆಮೇಲೆ ಕೋರ್ಟಿನ ಕೋಣೆಯನ್ನು 1955ರಲ್ಲಿ ಹೇಗಿತ್ತೋ ಹಾಗೆಯೇ ಸಜ್ಜುಗೊಳಿಸಿದರು. 2023ರಲ್ಲಿ ಅದು ರಾಷ್ಟ್ರೀಯ ಸ್ಮಾರಕದ ಭಾಗವಾಯಿತು. ಅಲ್ಲಿಗೆ ಹೋದವರಿಗೆ ಮೆಚ್ಚಿಕೊಳ್ಳಲು ಬಿಳಿ ವಕೀಲನೊಬ್ಬ ಸಿಗುವುದಿಲ್ಲ. ಸಿಗುವುದು ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ಬಿಳಿಯ ಆರೋಪಿಗಳತ್ತ ಬೆರಳು ತೋರಿಸಿದ ಮೋಸ್ ರೈಟ್ ಎಂಬ ಕಪ್ಪು ಮುದುಕ, ಟಿಲ್‌ನ ಅಜ್ಜನ ವರಸೆಯವನು. ಸಾಕ್ಷಿ ಹೇಳಿದ ಮೇಲೆ ಆತ ಊರನ್ನೇ ಬಿಟ್ಟು ಹೋಗಬೇಕಾಯಿತು.

ನಾಟಕ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಪ್ರೇಕ್ಷಕರಲ್ಲಿ ಹನ್ನೆರಡು ಮಂದಿಯನ್ನು ಕರೆದು ಕೂರಿಸುವ ಮುನ್ನ, 1934ರ ಮಾರ್ಚಿನಲ್ಲಿ ಇದೇ ಕೋಣೆಯಲ್ಲಿ ಏನಾಯಿತೆಂದು ಗಟ್ಟಿಯಾಗಿ ಓದಿ ಹೇಳಲಿ. ತರಗತಿಯಲ್ಲಿ ಕಾದಂಬರಿ ಪಾಠ ಮಾಡುವವರೂ ಅಷ್ಟು ಮಾಡಬಹುದು, ಎರಡು ನಿಮಿಷದ ಕೆಲಸ. ಮುಂದೆ ಮನ್ರೋವಿಲ್‌ನ ಆ ಮೆಟ್ಟಿಲು ಹತ್ತುವ ಓದುಗರು ಅಟಿಕಸ್ ಎಲ್ಲಿ ನಿಂತಿದ್ದ ಎಂದು ಕೇಳುವ ಮೊದಲು, ವಾಲ್ಟರ್ ಲೆಟ್‌ನನ್ನು ಎಲ್ಲಿ ಕೂರಿಸಿದ್ದರು ಎಂದು ಕೇಳಲಿ.